ನೀರಿನ ಖೋಲಿ ಮತ್ತು ನನ್ನ ಗಾಜಿನ ಕ್ಯಾಬಿನ್

ಕೈಗೆ ಅಧಿಕಾರ ಬಂದಾಗ ಬುದ್ಧಿ ಹೇಳದೆ ಕೇಳದೆ ರಜೆ ಹಾಕುತ್ತದೆ. ನನ್ನ ಅಧಿಕಾರವಾದರೂ ಎಷ್ಟು? ಒಂದು ಪಟ್ಟಿ ಬರೆಯುವಷ್ಟು. ಅಷ್ಟರಲ್ಲೇ ಒಬ್ಬ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕಲು ಹೊರಟಿದ್ದೆ.

ನಿಪ್ಪಾಣಿಯಲ್ಲಿ ನಮ್ಮ ಸಂಘದ ಕಚೇರಿ ಇರುವುದು ಐದು ಅಂತಸ್ತಿನ ಹಳೆಯ ಕಟ್ಟಡದಲ್ಲಿ. ತಂಬಾಕಿನ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ, ನಾನು ಹುಟ್ಟುವ ಮೊದಲೇ ಕಟ್ಟಿದ್ದು. ಈಗ ಅದಕ್ಕೆ ನವೀಕರಣದ ಯೋಗ: ಟೈಲ್ಸು, ಗಾಜು, ಮೇಲಾಗಿ ಲಿಫ್ಟು. ನಾವಿರುವುದು ನಾಲ್ಕನೆಯ ಅಂತಸ್ತಿನಲ್ಲಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರಿಗೆ ಮೊದಲು ನೀರು, ಬೆಲ್ಲ. ಕೆಲಸದ ಮಾತು ಆಮೇಲೆ. ಅರ್ಜಿ ತಳ್ಳಿಹಾಕುವುದಿದ್ದರೂ ಬೆಲ್ಲ ಕೊಟ್ಟೇ ತಳ್ಳಿಹಾಕುತ್ತಿದ್ದೆವು. ನೀರು, ಬೆಲ್ಲ ಕೊಡುವ ತಾರಾಬಾಯಿಗೆ ಮೆಟ್ಟಿಲ ಪಕ್ಕ ಪುಟ್ಟದೊಂದು ಕೋಣೆಯಿತ್ತು; ಎಲ್ಲರ ಬಾಯಲ್ಲಿ ಅದು ನೀರಿನ ಖೋಲಿ.

"ಯಾರ‍್ಯಾರಿಗೆ ಜಾಗಾ ಬೇಕು, ಪಟ್ಟಿ ಕೊಡ್ರಿ" ಎಂದರು ಇಂಜಿನಿಯರು. ಹೆಡ್ ಕ್ಲಾರ್ಕನಾದ ನಾನು ಮೇಜುಗಳನ್ನು ಎಣಿಸಿ ಹೆಸರು ಬರೆದೆ. ತಾರಾಬಾಯಿಗೆ ಮೇಜಿರಲಿಲ್ಲ, ಹಾಗಾಗಿ ಹೆಸರೂ ಬರಲಿಲ್ಲ. ನನಗೊಂದು ಗಾಜಿನ ಕ್ಯಾಬಿನ್ ಬೇಕೆಂಬುದನ್ನು ಮಾತ್ರ ಮರೆಯದೆ ಸೇರಿಸಿದೆ. ನಕಾಶೆ ಬಂದಾಗ ನೀರಿನ ಖೋಲಿಯ ಜಾಗದಲ್ಲಿ ಲಿಫ್ಟಿತ್ತು. "ಲಿಫ್ಟ್ ಬಂದಮ್ಯಾಲ ಯಾರಿಗ್ ದಣಿವ್ರಿ? ಖೋಲಿನೂ ಬ್ಯಾಡ, ಬಾಯಿನೂ ಬ್ಯಾಡ" ಎಂದುಬಿಟ್ಟರು ಅಧ್ಯಕ್ಷರು.

ಸುದ್ದಿ ತಿಳಿದು ತಾರಾಬಾಯಿ ನನ್ನ ಮೇಜಿನ ಮುಂದೆ ನಿಂತರು. "ಸಾಹೇಬ್ರ, ಪಟ್ಟಿ ಬರದವರು ನೀವ ಏನ್ರಿ?"

ಹೌದೆನ್ನುವ ಬದಲು, "ನನ್ನ ಕ್ಯಾಬಿನ್ ಮೂಲ್ಯಾಗ ಕೊಡ ಇಟ್ಕೋರಿ ಬಾಯಿ. ಅಧ್ಯಕ್ಷರಿಗೆ ನಾ ಹೇಳ್ತೀನಿ" ಎಂದು ಉದಾರಿಯಾದೆ.

"ನೀವು ಬರೂ ವರ್ಷ ರಿಟೈರ್ ಆಕ್ಕೀರಿ. ನಾ ಇನ್ನೂ ನಾಕ್ ವರ್ಷ ದುಡೀಬೇಕ್ರಿ."

ನಾಚಿಕೆಯಾಯಿತು. ತಪ್ಪು ನನ್ನದೆಂದು ಬರೆದು ಇಂಜಿನಿಯರರಿಗೆ ಕೊಟ್ಟೆ. ಅವರು ನಕಾಶೆಯ ಮೇಲೆ ಪೆನ್ಸಿಲ್ ಆಡಿಸಿ, "ಜಾಗಾ ಐತ್ರಿ. ನಿಮ್ಮ ಕ್ಯಾಬಿನ್ ಆ ಬಾಯಿಗೆ ಬಿಟ್ಟುಕೊಟ್ರ ಆತು. ಒಪ್ಪಿಗಿ ಐತಿ ಅಂತ ಈ ಕಾಗದದ ಮ್ಯಾಲ ಸಹಿ ಮಾಡಿ ತಂದ್ಕೊಡ್ರಿ" ಎಂದರು.

ಸಹಿ ಮಾಡಿದೆ, ಅಧ್ಯಕ್ಷರೂ ಗೊಣಗುತ್ತಲೇ ಒಪ್ಪಿದರು. ಈಗ ಗಾಜಿನೊಳಗೆ ತಾರಾಬಾಯಿ, ಹೊರಗಿನ ಸಾಲಿನಲ್ಲಿ ನಾನು. ಲಿಫ್ಟಿನಿಂದ ಇಳಿದ ಹೊಸಬರು ದೊಡ್ಡ ಸಾಹೇಬರು ಅಲ್ಲೇ ಇರಬೇಕೆಂದು ಮೊದಲು ಅತ್ತಲೇ ಹೋಗಿ ಕೈ ಮುಗಿಯುತ್ತಾರೆ. ಆಕೆ ನನ್ನ ಕಡೆ ತೋರಿಸಿ, "ಆ ಸಾಹೇಬ್ರು ಭಾಳ ದೊಡ್ಡ ಮನಸಿನವ್ರು ನೋಡ್ರಿ" ಎನ್ನುತ್ತಾರೆ. ನಾನು ಗಂಭೀರವಾಗಿ ಕಡತದೊಳಗೆ ಮುಖ ಹುದುಗಿಸುತ್ತೇನೆ. ಸಹಿ ಹಾಕುವ ಮೊದಲು ಆ ಕಾಗದವನ್ನು ನಾಲ್ಕು ದಿನ ಕಿಸೆಯಲ್ಲಿಟ್ಟುಕೊಂಡು ತಿರುಗಿದ್ದನ್ನು ನಾನಿನ್ನೂ ಯಾರಿಗೂ ಹೇಳಿಲ್ಲ.