ಹಾಸಿಗೆ ಬೀರುವಿನಲ್ಲಿ ನನ್ನ ಬುಸಾನ್ ವಾಸ

"ವೀಸಾ ವಿಷಯ ನನಗೆ ಬಿಡು!"

ನಾನು ಹೀಗೆ ಎದೆ ತಟ್ಟಿಕೊಂಡಾಗ ನನ್ನ ಹೆಂಡತಿ ಸವಾಕೊ ಮೂಲಂಗಿ ತುರಿಯುತ್ತಿದ್ದಳು. ತುರಿಯುವುದು ಬಿಟ್ಟು ನನ್ನತ್ತ ನೋಡಿದಳು. ಆ ನೋಟ ನನಗೆ ಗೊತ್ತು. ಬಚ್ಚಲಿನ ನಲ್ಲಿಯನ್ನು ನಾನೇ ರಿಪೇರಿ ಮಾಡುತ್ತೇನೆಂದು ಹೊರಟಾಗಲೂ ಹೀಗೇ ನೋಡಿದ್ದಳು. ಅವತ್ತು ನಮ್ಮ ಮನೆಯ ಬೆಕ್ಕಸಬೆರಗಾಗಿಸುವ ಕಾರಂಜಿಯನ್ನು ನೋಡಲು ಅರ್ಧ ಬೀದಿ ಬಂದಿತ್ತು.

"ರೀ, ಆ ವೀಸಾ ಸೂಚನೆಗಳನ್ನ ನಾನೇ ಒಂದ್ಸಲ ಓದಿ ನೋಡ್ತೀನಿ, ಕೊಡಿ."

"ಓದೋದು ನೀನಾ? ನಿನ್ನ ಗಂಡ ಯಾರು ಅಂತ ಮರೆತೆಯಾ?"

ಅವಳು ಮರೆತರೂ ನೀವು ತಿಳಿದಿರಬೇಕು. ಅನ್ನದ ಕುಕ್ಕರಿನ ಜೊತೆ ಡಬ್ಬಿಯಲ್ಲಿ ಒಂದು ಕೈಪಿಡಿ ಬರುತ್ತದಲ್ಲ, ಅದನ್ನು ಬರೆಯುವ ಮೊರಿಹಿಸ ನಾನೇ! 'ಬಳಸುವ ಮುನ್ನ ಸೂಚನೆಗಳನ್ನು ಪೂರ್ತಿಯಾಗಿ ಓದಿರಿ' ಎಂಬ ಅಮರ ವಾಕ್ಯವನ್ನು ಮನೆಮನೆಗೆ ಮುಟ್ಟಿಸಿದ ಮಹಾನುಭಾವ!

ನಮ್ಮದು ಜಪಾನಿನ ಬಂದರು ಊರು ಶಿಮೊನೊಸೆಕಿ. ಮನೆಯ ಮಹಡಿಯ ಕಿಟಕಿಯಿಂದ ದಿನಾ ಸಂಜೆ ಕೊರಿಯಾದ ಬುಸಾನ್‌ಗೆ ಹೊರಡುವ ಹಡಗು ಕಾಣುತ್ತದೆ. ಮದುವೆಯಾಗಿ ಬಂದ ಹೊಸದರಲ್ಲೇ ಸವಾಕೊ ಆ ಕಿಟಕಿಯಲ್ಲಿ ನಿಂತು, "ಒಂದು ವರ್ಷ ಅಲ್ಲಿದ್ದು ಕೊರಿಯನ್ ಕಲೀಬೇಕು ರೀ" ಎಂದಿದ್ದಳು. ಮಗಳು ಹುಟ್ಟಿದಳು, ಮುಂದಿನ ವರ್ಷ ನೋಡೋಣ ಎಂದಳು. ನಮ್ಮಮ್ಮ ಹಾಸಿಗೆ ಹಿಡಿದಳು, ಮುಂದಿನ ವರ್ಷ ಎಂದಳು. ಈಗ ಅಮ್ಮ ಇಲ್ಲ, ಮಗಳಿಗೆ ಮದುವೆಯಾಗಿದೆ. ಎಲ್ಲಿ ಬೇಕಾದರೂ ಕೂತು ಕೆಲಸ ಮಾಡಿ, ಆದರೆ ಅದಕ್ಕೆ ತಕ್ಕ ವೀಸಾ ಇರಬೇಕು ಎಂದು ನಮ್ಮ ಕಂಪನಿಯೂ ಒಪ್ಪಿದೆ. ಬುಸಾನ್‌ನ ಭಾಷಾ ಶಾಲೆಯಲ್ಲಿ ಅವಳಿಗೆ ಸೀಟು ಸಿಕ್ಕಿದೆ. ಇನ್ನು ಉಳಿದಿದ್ದು ವೀಸಾ ಆರಿಸುವುದೊಂದೇ.

ಓದುವವರಿಗೆ ಒಂದು ಬಗೆ. ಅಲ್ಲಿ ಕೂತು ತಮ್ಮ ದೇಶದ ಕಂಪನಿಗೆ ದುಡಿಯುವವರಿಗೆ ಇನ್ನೊಂದು ಬಗೆ. ಈ ಎರಡನೆಯದಕ್ಕೆ ಅದು ತಾ, ಇದು ತಾ, ಕೊನೆಗೆ ಅಪರಾಧಿ ಅಲ್ಲವೆಂದು ಪೊಲೀಸರಿಂದ ಬರೆಸಿಕೊಂಡು ಬಾ!

"ನಾನೇನು ಕಳ್ಳನಾ?" ಎಂದು ಗುಡುಗಿದೆ. "ನಾನೂ ಅಲ್ಲೇ ಸೀಟು ತಗೋತೀನಿ, ಇಬ್ಬರೂ ವಿದ್ಯಾರ್ಥಿಗಳಾಗೇ ಹೋಗೋಣ. ಗಂಡ ಹೆಂಡತಿ ಒಂದೇ ಬೆಂಚು!"

"ಕ್ಲಾಸು ಬೆಳಗ್ಗೆ. ನಿಮ್ಮ ಆಫೀಸೂ ಬೆಳಗ್ಗೆ. ಅದು ಹೇಗ್ರೀ?"

"ಅದೆಲ್ಲ ಹೊಂದಿಸ್ಕೊಳ್ಳೋಣ. ನೀನು ಪೆಟ್ಟಿಗೆ ಕಟ್ಟು."

ಅವಳ ಅರ್ಜಿಯನ್ನು ಅವಳೇ, ಒಂದೊಂದು ಸಾಲೂ ಓದಿ ತುಂಬಿದಳು. ನಾನು ನನ್ನದನ್ನು, ಖರ್ಚಿಗೆ ಆಧಾರವೆಂದು ಕಂಪನಿಯ ಪತ್ರವನ್ನೂ ಲಗತ್ತಿಸಿ, ಕಾಫಿ ಆರುವುದರೊಳಗೆ ಮುಗಿಸಿದೆ. ಮುಗಿಸಿದವನು ಸುಮ್ಮನಿರಬಾರದಿತ್ತೇ? ಬೀದಿಗೆಲ್ಲ ಹೇಳಿಬಿಟ್ಟೆ!

ನಮ್ಮ ಕಡೆ ಯಾರಾದರೂ ದೂರ ಹೊರಟರೆ ಬೀದಿಯವರು ದುಡ್ಡಿಟ್ಟ ಬೀಳ್ಕೊಡುಗೆಯ ಲಕೋಟೆ ಕೊಡುವುದು ರೂಢಿ. ನಮಗೆ ಲಕೋಟೆಗಳ ಜೊತೆ ಟವೆಲ್ಲು, ಉಪ್ಪಿನಕಾಯಿ ಜಾಡಿ ಎಲ್ಲ ಬಂದವು. ಬಡಾವಣೆಯ ಸಭಾಂಗಣದಲ್ಲಿ ಫುಗು ಮೀನಿನ ಭರ್ಜರಿ ಔತಣವೂ ಆಯಿತು. ಎರಡು ಲೋಟ ಸಾಕೆ ಮದ್ಯ ಇಳಿದ ಮೇಲೆ ನಾನು ಎದ್ದು ನಿಂತೆ. "ವೀಸಾ ಎನ್ನುವುದು ಮಹಾ ಗಹನವಾದ ಶಾಸ್ತ್ರ! ಯಾರಿಗೇ ಸಂದೇಹ ಬಂದರೂ ನನ್ನನ್ನು ಕೇಳಿ!" ಎಂದು ಭಾಷಣ ಬಿಗಿದೆ. ಎದುರುಮನೆಯ ಇಸೊಗಾಯ್ ಅಜ್ಜಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಅದಾದ ಎರಡೇ ದಿನಕ್ಕೆ ಕೊರಿಯಾದ ಕಾನ್ಸುಲೇಟಿನಿಂದ ಕರೆ ಬಂತು, ಹೋದೆ. ಕಿಟಕಿಯ ಹಿಂದಿದ್ದ ಹುಡುಗಿ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟಳು.

"ಇಲ್ಲಿ 'ಇಡೀ ದಿನ ಮನಸ್ಸಿಟ್ಟು ಓದುತ್ತೇನೆ' ಅಂತ ನೀವು ಬರೆದಿದ್ದೀರಿ. ಇಲ್ಲಿ 'ಇವರು ಇಡೀ ದಿನ ನಮ್ಮ ಕೆಲಸ ಮಾಡುತ್ತಾರೆ' ಅಂತ ನಿಮ್ಮ ಕಂಪನಿ ಬರೆದಿದೆ. ಇವರಿಬ್ಬರಲ್ಲಿ ನೀವು ಯಾರು ಸರ್?"

"ಇಬ್ಬರೂ ನಾನೇ!"

"ಇಬ್ಬರಿಗೆ ಒಂದೇ ವೀಸಾ ಕೊಡೋಕಾಗಲ್ಲ ಸರ್. ಸೂಚನೆಗಳನ್ನ ಪೂರ್ತಿ ಓದಿದ್ರಾ?"

ನನ್ನದೇ ಅಮರ ವಾಕ್ಯ ನನ್ನ ಕೆನ್ನೆಗೇ ಬಾರಿಸಿತು! ಸವಾಕೊ ಪಾಸು, ನಾನು ನಪಾಸು. ಎರಡನೆಯ ಬಗೆಯ ವೀಸಾಕ್ಕೆ ಮೊದಲಿನಿಂದ ಅರ್ಜಿ ಹಾಕಿ ಕಾಯಬೇಕು. ಅವಳ ಶಾಲೆ ಮುಂದಿನ ವಾರವೇ ಶುರು.

ಮನೆಗೆ ಬಂದು ಹೇಳಿದೆ. ಅವಳು ಬೈಯಲಿಲ್ಲ. ಪೆಟ್ಟಿಗೆಯಿಂದ ಸ್ವೆಟರ್ ತೆಗೆದು ವಾಪಸ್ ಮಡಿಸುತ್ತ, "ಹೋಗ್ಲಿ ಬಿಡಿ, ಮುಂದಿನ ವರ್ಷ ನೋಡೋಣ" ಎಂದಳು. ಬೈದಿದ್ದರೇ ವಾಸಿಯಿತ್ತು.

"ಮುಂದಿನ ವರ್ಷನೂ ಇಲ್ಲ, ಗಿರ್ಷನೂ ಇಲ್ಲ! ನೀನು ಹೊರಡು. ನಾನು ಹಿಂದಿನಿಂದ ಬರ್ತೀನಿ."

"ಹಾಗಾದ್ರೆ ಬೀದಿಯವರಿಗೆ ನಿಜ ಹೇಳ್ಬಿಡಿ."

"ಆ ಭಾಷಣ ಬಿಗಿದ ಮೇಲಾ? ಅವರ ಫುಗು ತಿಂದ ಮೇಲಾ? ಮುಖ ಎಲ್ಲಿಡ್ಲಿ ಕಣೇ?"

"ಈಗ ಇರೋ ಕಡೆನೇ ಇಡಿ, ಚೆನ್ನಾಗಿದೆ" ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಬಂದರಿಗೆ ನಾನೂ ಪೆಟ್ಟಿಗೆ ಎಳೆದುಕೊಂಡು ಹೋದೆ. ಬೀದಿಯವರೆಲ್ಲ ಎರಡೂ ಕೈ ಮೇಲೆತ್ತಿ, ಜಯಕಾರವಾಗಿ ಮೂರು ಸಲ "ಬಾನ್ಜಾಯ್!" ಕೂಗಿದರು. ನಾನು ಗಂಭೀರವಾಗಿ ಬಾಗಿ ವಂದಿಸಿ ಒಳಗೆ ನಡೆದೆ. ಸವಾಕೊ ಹಡಗು ಹತ್ತಿದಳು. ನಾನು ಶೌಚಾಲಯ ಹೊಕ್ಕೆ! ಜನ ಕರಗಿದ ಮೇಲೆ ಹಿಂದಿನ ಓಣಿಯಿಂದ ನುಸುಳಿ, ನನ್ನ ಮನೆಗೇ ನಾನು ಕಳ್ಳನ ಹಾಗೆ ಸೇರಿಕೊಂಡೆ.

ಅಲ್ಲಿಂದ ಶುರುವಾಯಿತು ನನ್ನ ಬುಸಾನ್ ವಾಸ, ಹಾಸಿಗೆ ಇಡುವ ಗೋಡೆ ಬೀರುವಿನೊಳಗೆ! ಕಿಟಕಿ ತೆರೆಯುವಂತಿಲ್ಲ, ದೀಪ ಹಚ್ಚುವಂತಿಲ್ಲ, ಸೀನು ಬಂದರೆ ದಿಂಬಿನೊಳಗೆ ಸೀನಬೇಕು. ಕಷ್ಟವಾಗಿದ್ದು ಕಂಪ್ಯೂಟರಿನಲ್ಲಿ ನಡೆಯುವ ಆಫೀಸಿನ ಬೆಳಗಿನ ಸಭೆ. ಕಂಪನಿಯ ಧ್ಯೇಯವಾಕ್ಯವನ್ನು ಎಲ್ಲರೂ ಒಟ್ಟಿಗೆ ಹೇಳಬೇಕು. ನಾನು ಮಡಿಸಿದ ಹಾಸಿಗೆಗಳ ನಡುವೆ ಕೂತು ಪಿಸುಗುಟ್ಟಿದರೆ ಮ್ಯಾನೇಜರ್ ಪರದೆಯ ಮೇಲೆ ಬಂದು, "ಮೊರಿಹಿಸ ಅವರೇ, ಹೊಟ್ಟೆಯಿಂದ ಧ್ವನಿ ಬರ್ಲಿ!" ಎನ್ನುತ್ತಿದ್ದರು. ಬಂದದ್ದು ಬರಲಿ ಎಂದು ಬೀರುವಿನೊಳಗಿಂದಲೇ "ಪ್ರತಿಯೊಂದು ಅಗುಳಿನಲ್ಲೂ ಪ್ರಾಮಾಣಿಕತೆ!" ಎಂದು ಅರಚುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ನಮ್ಮ ಅಂಗಳದಲ್ಲಿ ಇಸೊಗಾಯ್ ಅಜ್ಜಿಯ ದನಿ ಕೇಳಿಸಿತು. ನಮ್ಮ ಕುಂಡಗಳಿಗೆ ನೀರು ಹಾಕುತ್ತ ಗಿಡಗಳ ಜೊತೆ ಮಾತಾಡುತ್ತಿದ್ದರು.

"ಪಾಪ, ನಿಮ್ಮ ಯಜಮಾನ ಬುಸಾನ್‌ನಲ್ಲಿ ಏನು ತಿಂತಾನೋ ಏನೋ! ಇರ್ಲಿ, ಈ ಮನೆ ಬೆಕ್ಕಿಗೆ ಒಂದಿಷ್ಟು ಊಟ ಇಟ್ಟು ಹೋಗ್ತೀನಿ."

ಅವರು ಹೋದ ಮೇಲೆ ಹಿತ್ತಿಲ ಬಾಗಿಲನ್ನು ಒಂದಿಷ್ಟೇ ಸರಿಸಿದೆ. ಬಿಸಿ ಅನ್ನ, ಮೂಲಂಗಿ ಹಾಕಿ ಬೇಯಿಸಿದ ಮೀನು, ಸುರುಳಿ ಆಮ್ಲೆಟ್, ಪಕ್ಕದಲ್ಲಿ ಒಂದು ಜೊತೆ ಚಾಪ್‌ಸ್ಟಿಕ್! ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ವಯಸ್ಸಾಯಿತು, ಪಾಪ, ಅಜ್ಜಿಗೆ ಅರಳು ಮರಳು ಎಂದು ಮರುಗುತ್ತ ಒಂದಗುಳೂ ಬಿಡದೆ ತಿಂದೆ. ಮರುದಿನ ಬೆಕ್ಕಿಗೆ ತೋಫು ಸಾರು ಬಂತು. ಭಾನುವಾರ ಬೆಕ್ಕಿಗೆ ಬಿಯರೂ ಬಂತು.

ಸಂಜೆ ಸಂಜೆ ಸವಾಕೊ ಫೋನಿನ ಪರದೆಯಲ್ಲಿ ಪಾಠ ಒಪ್ಪಿಸುತ್ತಿದ್ದಳು. ಮದುವೆಯ ಫೋಟೋದಲ್ಲೂ ಅವಳ ಮುಖ ಅಷ್ಟು ಅರಳಿರಲಿಲ್ಲ. ನನಗೆ ಅವಳು ಬೇಕೆನಿಸುತ್ತಿತ್ತು. ಮೂಲಂಗಿ ತುರಿಯುವ ಸದ್ದಿಲ್ಲದ ಮನೆ ಭಣಗುಡುತ್ತಿತ್ತು. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ.

"ಸವಾಕೊ, ನನ್ನ ಕೈಲಿ ಆಗಲ್ಲ ಕಣೇ. ಯಾವ ವೀಸಾ, ಏನು ಎತ್ತ, ಎಲ್ಲ ನೀನೇ ನೋಡು."

"ನಿಜವಾಗ್ಲೂ ನನಗೆ ಬಿಡ್ತೀರಾ?"

"ಪೂರ್ತಿ ಬಿಟ್ಟೆ."

ಅವಳು ಹೇಳಿದ ಕಾಗದಗಳನ್ನು ಅವಳು ಹೇಳಿದ ಕ್ರಮದಲ್ಲಿ ಜೋಡಿಸಿದೆ. ಮಾಸ್ಕು, ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಪೊಲೀಸ್ ಕಚೇರಿಗೆ ಹೋದೆ. 'ನಾನು ಅಪರಾಧಿ ಅಲ್ಲ' ಎಂದು ಬರೆಸಿಕೊಳ್ಳಲು ಆ ವೇಷದಲ್ಲಿ ಬಂದವನು ನಾನೊಬ್ಬನೇ ಇರಬೇಕು. ಹತ್ತೂ ಬೆರಳಿನ ಗುರುತು ತೆಗೆದುಕೊಂಡ ಪೊಲೀಸಪ್ಪ ನನ್ನನ್ನು ಬಾಗಿಲವರೆಗೂ ಗಮನಿಸಿದ.

ವೀಸಾ ಬಂತು! ಬಂದ ದಿನವೇ ಸಂಜೆ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಬೆಕ್ಕಿನ ಹೆಜ್ಜೆ ಇಡುತ್ತ ಹಿತ್ತಿಲಿನಿಂದ ಓಣಿಗೆ ಇಳಿದೆ. ತಿರುವಿನಲ್ಲಿ ಕಕ್ಕಾಬಿಕ್ಕಿಯಾಗಿ ನಿಂತೆ. ಇಡೀ ಬೀದಿಯೇ ಅಲ್ಲಿ ನಿಂತಿತ್ತು! ಎಲ್ಲರಿಗಿಂತ ಮುಂದೆ ಇಸೊಗಾಯ್ ಅಜ್ಜಿ, ಕೈಯಲ್ಲಿ ಬಟ್ಟೆ ಸುತ್ತಿದ ಬುತ್ತಿ.

"ಮೀನಿಗೆ ಉಪ್ಪು ಸರಿ ಇತ್ತೇನಪ್ಪಾ, ಬೆಕ್ಕೇ?"

ನನ್ನ ಪೆಟ್ಟಿಗೆ ಕೈಜಾರಿ ಬಿತ್ತು. "ಅಜ್ಜೀ... ನಿಮಗೆ ಯಾವಾಗ ಗೊತ್ತಾಯ್ತು?"

"ನೀನು ಬಂದರಿನ ಪಾಯಿಖಾನೆಯಿಂದ ಇಣುಕಿದೆಯಲ್ಲ, ಆಗ್ಲೇ. ನಾನೂ ಅಲ್ಲೇ ಸರದಿಗೆ ನಿಂತಿದ್ದೆ. ನಿನಗೆ ನಾಚಿಕೆ ಆಗ್ಬಾರ್ದು ಅಂತ ನಾವೆಲ್ಲ ಸುಮ್ಮನಿದ್ವಿ. ದಿನಾ ಬೆಳಗ್ಗೆ ಅಗುಳು, ಪ್ರಾಮಾಣಿಕತೆ ಅಂತ ಕೂಗ್ತಿದ್ದೆ ನೋಡು, ನಗು ತಡೆಯೋದೇ ಕಷ್ಟ ಆಗ್ತಿತ್ತು. ಇವತ್ತು ಪೆಟ್ಟಿಗೆ ಎಳೆದಾಡೋ ಸದ್ದು ಕೇಳಿ ಎಲ್ಲರನ್ನೂ ಕರ್ಕೊಂಡು ಬಂದೆ."

ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ. ನಗಬೇಕೋ ಅಳಬೇಕೋ ತಿಳಿಯದೆ, ತಲೆ ನೆಲಕ್ಕೆ ತಾಗುವಷ್ಟು ಬಾಗಿದೆ. ಅಜ್ಜಿ ಬುತ್ತಿಯನ್ನು ನನ್ನ ಕೈಗಿತ್ತರು. ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದರು.

"ಇರು, ಇರು. ಈ ಸಲ ವೀಸಾ ಆರಿಸಿದ್ದು ಯಾರು?"

ಇಡೀ ಬೀದಿ ಉಸಿರು ಬಿಗಿಹಿಡಿದು ನನ್ನ ಬಾಯನ್ನೇ ನೋಡುತ್ತಿತ್ತು.

"ಸವಾಕೊ" ಎಂದೆ.

"ಹಾಗಾದ್ರೆ ಧೈರ್ಯವಾಗಿ ಹೋಗಿ ಬಾಪ್ಪಾ!"

ಎಲ್ಲರೂ ಕೈ ಮೇಲೆತ್ತಿ ಮೂರು ಸಲ "ಬಾನ್ಜಾಯ್!" ಕೂಗಿದರು. ಮೂರೂ ಸವಾಕೊಳಿಗೆ.