ಕೊಸರ್ಯಾನ ಹೊಟ್ಟೆ, ಅತ್ತೆಯ ಚೌಕಾಸಿ

ನಾನೂರ ಎಂಬತ್ತು ರೂಪಾಯಿ. ಒಂದು ಡಬ್ಬಿ ಪುಡಿಗೆ. ಅದೂ ನಾಯಿಯ ಹೊಟ್ಟೆಗೆ!

ಬೆಲೆ ಜಾಸ್ತಿಯಾಯಿತು ಎಂದು ಹೇಳಲು ನಾನು ಕೂತಿಲ್ಲ. ಮುದಿ ನಾಯಿ, ಸೋತ ಕರುಳು, ಅದರೊಳಗೆ ಒಳ್ಳೆಯ ಸೂಕ್ಷ್ಮಜೀವಿಗಳನ್ನು ದಿನಾ ತುಂಬಿಸುವ ಪುಡಿ, ಪ್ರೊಬಯೋಟಿಕ್ ಎನ್ನುತ್ತಾರೆ. ಮಾಲು ಅಸಲಿ, ಬೆಲೆ ನ್ಯಾಯದ್ದು. ಹಾನಗಲ್ಲಿನಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟವನು ನಾನು. ಸೈಕಲ್ಲಿಗೆ ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ ಮೇಲೆ ಬಂದವನು. ಯಾವ ಬೆಲೆಯಲ್ಲಿ ಎಷ್ಟು ಗಾಳಿ ತುಂಬಿದೆ ಎಂಬುದು ನನಗೆ ವಾಸನೆಯಿಂದಲೇ ತಿಳಿಯುತ್ತದೆ. ನನ್ನ ನಿದ್ದೆ ಕೆಡಿಸಿದ ಸಂಗತಿ ಬೇರೆ. ಆ ನಾನೂರ ಎಂಬತ್ತನ್ನು ಅಕ್ಕಿಆಲೂರಿನ ನನ್ನ ಸೋದರತ್ತೆ, ಒಂದು ರೂಪಾಯಿಯನ್ನೂ ಕಡಿಮೆ ಕೇಳದೆ, ಸುಮ್ಮನೆ ಕೊಟ್ಟುಬಿಟ್ಟಳು!

ಇದರಲ್ಲಿ ಏನು ವಿಶೇಷ ಎನ್ನುತ್ತೀರಾ? ನೀವು ನಮ್ಮ ಅತ್ತೆಯನ್ನು ಕಂಡಿಲ್ಲ.

ಶಿಗ್ಗಾವಿಯ ಸೀರೆ ಅಂಗಡಿಯವನು ಅತ್ತೆ ಮೆಟ್ಟಿಲು ಹತ್ತುವುದು ಕಂಡರೆ ಗಲ್ಲೆಯ ಮೇಲೆ ಮಗನನ್ನು ಕೂರಿಸಿ ಹಿಂಬಾಗಿಲಿನಿಂದ ಚಹಾಕ್ಕೆ ಹೋಗುತ್ತಾನೆ. ಸವಣೂರಿನಿಂದ ವೀಳ್ಯದೆಲೆ ತರುವ ಮುದುಕ, "ಅಮ್ಮಾ, ನೀವ ರೇಟ ಹೇಳಿಬಿಡ್ರಿ, ನಾ ಹೂಂ ಅಂತೇನಿ" ಎಂದು ಎಂದೋ ಶರಣಾಗಿದ್ದಾನೆ. ಬಸ್ಸಿನಲ್ಲಿ ಕಂಡಕ್ಟರನನ್ನೂ ಬಿಟ್ಟವಳಲ್ಲ: "ನಾ ಕುಂತಿದ್ದು ಅರ್ಧಾ ಸೀಟು, ಪೂರಾ ಟಿಕೀಟ ಯಾಕ?" ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ಸರಕಾರ ಹೇಳಿದ ದಿನ ಊರ ಹೆಂಗಸರೆಲ್ಲ ಹಿಗ್ಗಿದರು, ನಮ್ಮ ಅತ್ತೆಯೊಬ್ಬಳು ಮುಖ ಸಣ್ಣ ಮಾಡಿಕೊಂಡು ಕೂತಳು. ಸೊನ್ನೆಗಿಂತ ಕಡಿಮೆ ಏನು ಕೇಳುವುದು, ಪಾಪ! ಅವಳ ಸೀರೆಯ ಸೆರಗು ಹಿಡಿದುಕೊಂಡು ಸಂತೆ ತಿರುಗಿಯೇ ನಾನು ವ್ಯಾಪಾರ ಕಲಿತದ್ದು. ನನ್ನ ಅಂಗಡಿಗೆ ಬರುವ ಗಿರಾಕಿಗಳಲ್ಲಿ ನಾನು ಹೆದರುವುದೂ ಅವಳೊಬ್ಬಳಿಗೇ.

ನಾಯಿ ಬಂದದ್ದೂ ಚೌಕಾಸಿಯಲ್ಲೇ. ಅಕ್ಕಿಆಲೂರಿನ ವಾರದ ಸಂತೆ. ಅತ್ತೆ ಬದನೆಕಾಯಿ ಕೊಂಡಳು. ತೂಕವಾದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿಸಿಕೊಳ್ಳುವ ಕೊಸರು ನಮ್ಮ ಸಂತೆಗಳಲ್ಲಿ ಹಕ್ಕು. ಅತ್ತೆ ಒಂದು ಬದನೆಕಾಯಿ ಕೊಸರು ಹಾಕಿಸಿಕೊಂಡಳು. ಮತ್ತೊಂದು ಹಾಕಿಸಿಕೊಂಡಳು. ಮೂರನೆಯದಕ್ಕೆ ಚೀಲ ಅಗಲಿಸಿದಾಗ ಕಾಯಿಪಲ್ಲೆಯವನಿಗೆ ತಲೆ ಕೆಟ್ಟಿತು.

"ಇನ್ನ ನನ್ನ ಕಡೆ ಏನೂ ಇಲ್ಲಬೇ ಯವ್ವಾ! ಬೇಕಾರ ತಕ್ಕಡಿ ಬುಡಕ ಮಲಗೇತಲ್ಲ, ಆ ನಾಯಿಮರಿ ಒಯ್ಯಿ ಕೊಸರಿಗೆ!"

ಅವನು ಸಿಟ್ಟಿಗೆ ಅಂದ. ಅತ್ತೆ ಒಯ್ದಳು! ಕಂದು ಬಣ್ಣದ, ಒಂದು ಕಿವಿ ಮಡಿಚಿದ ಮರಿ. ಹೆಸರು ಹುಡುಕುವ ಕಷ್ಟವೇ ಇರಲಿಲ್ಲ. ಕೊಸರ್ಯಾ.

ಸಂತೆಯಲ್ಲಿ ಹುಟ್ಟಿದ ನಾಯಿಗೆ ಸಂತೆಯ ನಾಲಿಗೆ. ಮಿರ್ಚಿ, ಗಿರಮಿಟ್ಟು, ಅತ್ತೆಯ ಸಂಜೆಯ ಚಹಾದ ಜೊತೆಗಿನ ಸವಣೂರ ಖಾರಾ, ಎಲ್ಲದರಲ್ಲೂ ಅವನದೊಂದು ಪಾಲು. ವಯಸ್ಸಿದ್ದಾಗ ಕಲ್ಲು ತಿಂದರೂ ಕರಗುತ್ತಿತ್ತು. ಮೈಮೇಲಿನ ಕೂದಲು ಬೆಳ್ಳಗಾಗುತ್ತ ಬಂದಂತೆ ಹೊಟ್ಟೆ ತಕರಾರು ತೆಗೆಯಿತು. ಈ ವರ್ಷದ ಮುಂಗಾರಿನ ಹೊತ್ತಿಗೆ ದಿನ ಬಿಟ್ಟು ದಿನ ಭೇದಿ. ಅತ್ತೆಯ ಸೊಸೆ ಕಟ್ಟೆ ತೊಳೆದು ತೊಳೆದು ಸೋತಳು. ನಾಯಿ ಅವಳಿಗಿಂತ ಹೆಚ್ಚು ಸೋತಿತು. ಪಕ್ಕೆಲುಬು ಕಾಣತೊಡಗಿದವು.

ಹಾನಗಲ್ಲಿಗೆ, ದನದ ದವಾಖಾನೆಗೆ ಬಸ್ಸಿನಲ್ಲೇ ಒಯ್ಯುವುದೆಂದು ಅತ್ತೆ ಹೊರಟಳು. ಕಂಡಕ್ಟರ್ ನಾಯಿಗೆ ಟಿಕೀಟು ಕೇಳಿದ.

"ಹೆಣ್ಣೈತಪಾ ಇದು. ಪುಕ್ಕಟೆ."

ಕಂಡಕ್ಟರ್ ಬಗ್ಗಿ ನೋಡಿ, ನೆಟ್ಟಗೆ ನಿಂತು, "ಅಮ್ಮಾರ, ಕೆಳಗ ಇಳೀರಿ" ಅಂದ.

ಕೊನೆಗೆ ನನ್ನ ಅಂಗಡಿಯ ಮಾಲು ಸಾಗಿಸುವ ಟಂಟಂ ರಿಕ್ಷಾ ಹೋಯಿತು. ಬಾಡಿಗೆ ಕೇಳುವ ಧೈರ್ಯ ನನಗೆಲ್ಲಿ?

ದವಾಖಾನೆಯ ಡಾಕ್ಟರಬಾಯಿ ಇನ್ನೂ ಚಿಕ್ಕ ವಯಸ್ಸಿನವರು, ಸಮಾಧಾನಿ. ನೋಡಿ, ಪರೀಕ್ಷೆ ಮಾಡಿಸಿ, ಜಂತುಹುಳಕ್ಕೆ ಗುಳಿಗೆ ಕೊಟ್ಟು, ಖಾರ ಎಣ್ಣೆ ಬಂದ್ ಮಾಡಿಸಿ, ದಿನಕ್ಕೊಂದು ಪೊಟ್ಟಣ ಊಟದಲ್ಲಿ ಕಲಸಿ ಕೊಡಿ ಎಂದು ಪುಡಿಯ ಹೆಸರು ಬರೆದರು.

"ಇದರಾಗ ಜೀವಂತ ಸೂಕ್ಷ್ಮಜೀವಿ ಇರ್ತಾವ್ರಿ ಅಮ್ಮಾ. ಕೋಟಿಗಟ್ಟಲೆ."

"ಜೀವಂತ? ಡಬ್ಬಿಯೊಳಗ ಉಪವಾಸ ಇರ್ತಾವನ್ರಿ?"

"ಮಲಗಿರ್ತಾವ್ರಿ. ಹೊಟ್ಟಿಗೆ ಹೋದ ಮ್ಯಾಲೆ ಏಳ್ತಾವು. ಬಿಸಿ ಅಂಬಲಿಯೊಳಗ ಹಾಕಬ್ಯಾಡ್ರಿ, ಸಾಯ್ತಾವು."

ಅಂದು ಔಷಧದ ಅಂಗಡಿಯವನಿಂದ ಡಬ್ಬಿಯ ಬೆಲೆಯಲ್ಲಿ ಮೂವತ್ತು ರೂಪಾಯಿ ಇಳಿಸಿ, ಮೇಲೊಂದು ಕೈಚೀಲ ಕೊಸರು ಹೊಡೆದುಕೊಂಡು ಅತ್ತೆ ಟಂಟಂ ಹತ್ತಿದಳು. ದಾರಿಯಲ್ಲಿ ಎಮ್ಮೆ ಅಡ್ಡ ಬಂತೆಂದು ನಾನು ಹಾರ್ನ್ ಒತ್ತಿದೆ. ಬೆನ್ನಿಗೆ ಒಂದು ಗುದ್ದು!

"ಸಾವಕಾಶಲೇ! ಕೋಟಿ ಜೀವ ಮಲಗ್ಯಾವು, ಎದ್ದುಗಿದ್ದಾವು!"

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ಅತ್ತೆಯ ಮನೆಗೆ ಊಟಕ್ಕೆ ಹೋದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಕಲ್ಲಿನಂಥ ಗಟ್ಟಿ ಮೊಸರು. ಒಂದು ಬಟ್ಟಲು ತಿಂದೆ, ಇನ್ನೊಂದು ಕೇಳಿದೆ.

"ಏನ್ ಮೊಸರು ಅತ್ತಿ! ಎಲ್ಲಿ ಹೆಪ್ಪು ತಂದಿ?"

ಒಳಗಿನಿಂದ ಸೊಸೆ ಕಿಸಕ್ಕನೆ ನಕ್ಕಳು. ಅತ್ತೆ ಗಂಭೀರವಾಗಿ, "ಕೊಸರ್ಯಾಂದೋ ಅದು" ಅಂದಳು.

ಕೈಯ ತುತ್ತು ಕೈಯಲ್ಲೇ ನಿಂತಿತು. ಅತ್ತೆಯ ಲೆಕ್ಕ ಹೀಗಿತ್ತು: ಪುಡಿಯಲ್ಲಿರುವುದು ಜೀವಂತ ಜೀವಿ. ಮೊಸರಿನಲ್ಲಿರುವುದೂ ಜೀವಂತ ಜೀವಿ. ಹಾಲಿಗೆ ಒಂದು ಪೊಟ್ಟಣ ಹೆಪ್ಪು ಹಾಕಿದರೆ ಗಡಿಗೆಯ ತುಂಬ ಮರಿ ಹಾಕುತ್ತವೆ. ಆ ಮೊಸರಿನಿಂದ ನಾಳಿನದು, ನಾಳಿನದರಿಂದ ನಾಡಿದ್ದಿನದು. ಒಂದು ಡಬ್ಬಿ ಕೊಂಡರೆ ಜನ್ಮಕ್ಕೆ ಸಾಕು! ನಾಚಿಕೆ ಬಿಟ್ಟು ಹೇಳುತ್ತೇನೆ, ವ್ಯಾಪಾರಸ್ಥನಾದ ನನಗೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನಿಸಿತು. ಅರ್ಧ ನಾಯಿಯ ಪುಡಿ ತಿಂದ ಸಂಕಟ, ಅರ್ಧ ನನಗೆ ಇದು ಹೊಳೆಯಲಿಲ್ಲವಲ್ಲ ಎಂಬ ಸಂಕಟ.

ಅಷ್ಟಕ್ಕೇ ಮುಗಿಯಲಿಲ್ಲ. ಆ ಓಣಿಯಲ್ಲಿ ಹೆಪ್ಪು ಮುಗಿದ ಮನೆಯವರೆಲ್ಲ ಬಟ್ಟಲು ಹಿಡಿದು ಬರುವುದು ಅತ್ತೆಯ ಬಾಗಿಲಿಗೇ. ಮೊಸರು ಚಲೋ ಬೀಳುತ್ತದೆಂದು ಹೆಸರಾಗಿ, ಆ ಹೊತ್ತಿಗೆ ಓಣಿಗೆ ಓಣಿಯೇ ಕೊಸರ್ಯಾನ ಮೊಸರು ಉಣ್ಣುತ್ತಿತ್ತು! ಎದುರುಮನೆಯ ಫಾತಿಮಾಬೀ ಬಳೆ ಅಂಗಡಿಯವರು, ಅತ್ತೆಗೆ ಜೀವದ ಗೆಳತಿ. ಅವರಿಗೆ ವಿಷಯ ತಿಳಿದಾಗ ಜಗಳವೇ ಆಗುತ್ತದೆಂದು ನಾನು ಚಪ್ಪಲಿ ಹುಡುಕತೊಡಗಿದೆ. ಅವರು ಸೆರಗು ಬಾಯಿಗೆ ಹಿಡಿದು ನಕ್ಕರು:

"ಅದಕ್ಕಽ ಏನ್ ನಮ್ಮ ಮನಿಯವರು ಎಂಟು ದಿನ ಆತು, ಬಾಗಲಿಗೆ ಯಾರ ಬಂದ್ರೂ ಬೊಗಳಾಕತ್ತಾರ!"

ಓಣಿ ನಕ್ಕಿತು. ಕೊಸರ್ಯಾನ ಹೊಟ್ಟೆ ಮಾತ್ರ ನಗಲಿಲ್ಲ. ಪುಡಿಯ ಬದಲು ಅವನಿಗೆ ಹಾಕುತ್ತಿದ್ದ ಮೊಸರು ಹೆಚ್ಚಾದಷ್ಟೂ ಭೇದಿಯೂ ಹೆಚ್ಚಾಯಿತು. ಒಂದು ಬೆಳಿಗ್ಗೆ ಅವನು ತಾನಾಗಿ ಏಳಲಿಲ್ಲ. ಅತ್ತೆ ಫೋನಿನಲ್ಲಿ ಒಂದೇ ಮಾತು ಹೇಳಿದಳು: "ಟಂಟಂ ತೊಗೊಂಡ ಬಾ." ಆ ದಾರಿಯಲ್ಲಿ ನಾನು ಎಷ್ಟು ಹಾರ್ನ್ ಒತ್ತಿದರೂ ಗುದ್ದು ಬೀಳಲಿಲ್ಲ.

ಡಾಕ್ಟರಬಾಯಿ ಸಲಾಯಿನ್ ಹಚ್ಚಿದರು. ಮೊಸರಿನ ಕಥೆ ಕೇಳಿ ಬಯ್ಯಲಿಲ್ಲ.

"ಅಮ್ಮಾ, ಈ ಪುಡಿಯೊಳಗಿನ ಜೀವಿ ಜಾತಿನ ಬ್ಯಾರೆ. ಹಾಲಿನಾಗ ಬೆಳೀತಾವಂತ ಹೇಳಾಕ ಬರಂಗಿಲ್ಲ. ನಿಮ್ಮ ಗಡಿಗ್ಯಾಗ ಉಳದದ್ದು ಬರೇ ಮನೀ ಮೊಸರು. ವಯಸ್ಸಾದ ನಾಯಿಗೆ ಅದು ಜಾಸ್ತಿ ಆದ್ರ ಜಡ್ಡ ಹೆಚ್ಚಾಕ್ಕೈತಿ."

ಅತ್ತೆ ಕೊಸರ್ಯಾನ ಮಡಿಚಿದ ಕಿವಿ ಸವರಿದಳು. ಆಮೇಲೆ, "ಉಳೀತೈತೇನ್ರಿ?" ಅಂದಳು.

"ಕರುಳು ಭಾಳ ಸೋತೇತ್ರಿ. ಪುಡಿ ತಪ್ಪದಂಗ ಕೊಡ್ರಿ, ಬೇಯಿಸಿದ ಕುಂಬಳಕಾಯಿ, ಮೆತ್ತನ್ನ ಅನ್ನ ಕೊಡ್ರಿ. ದೀಪಾವಳಿ ತನಕ ಇರಬಹುದು. ಮುಂದಿಂದು ನಾ ಹೇಳಂಗಿಲ್ಲ."

ನಮ್ಮ ಅತ್ತೆ ಆಗ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು, ಸಂತೆಯಲ್ಲಿ ಚೀಲ ಅಗಲಿಸುವ ಹಾಗೆ.

"ದೀಪಾವಳಿ ತನಕ ತೂಕದ್ದಾತ್ರಿ ಬಾಯಾರ. ಒಂದೀಟು ಕೊಸರು ಹಾಕ್ರಿ."

ಡಾಕ್ಟರಬಾಯಿ, "ನನ್ನ ಕೈಯಾಗಿಲ್ರೀ ಅದು" ಎಂದು ಮುಖ ತಿರುಗಿಸಿದರು.

ಅಲ್ಲಿಂದ ಅಂಗಡಿಗೆ ಹೋದದ್ದು, ಅದೇ ಅಂಗಡಿ, ಅದೇ ಡಬ್ಬಿ. ಹಿಂದೆ ಮೂವತ್ತು ಇಳಿಸಿದವನು ಈ ಸಲವೂ ಇಳಿಸಲು ಸಿದ್ಧನಾಗಿಯೇ ನಿಂತಿದ್ದ. ನಾನು, "ನೋಡ್ರಿ ಯಜಮಾನ್ರ, ಇನ್ನ ತಿಂಗಳಾ ತಿಂಗಳಾ ಗಿರಾಕಿ ನಾವು" ಎಂದು ಶುರು ಮಾಡಿದೆ. ಅತ್ತೆ ನನ್ನ ತೋಳು ಚಿವುಟಿದಳು. ನಾನೂರ ಎಂಬತ್ತು ಕೊಟ್ಟು, ಕೈಚೀಲವನ್ನೂ ಕೇಳದೆ ಹೊರಗೆ ಬಂದಳು. ಅಂಗಡಿಯವನು ನನ್ನನ್ನು, "ಅಮ್ಮಾರಿಗೆ ಆರಾಮಿಲ್ಲೇನ್ರಿ?" ಎಂದು ಕೇಳಿದ!

ಆಮೇಲೆ ಅತ್ತೆ ನಿಯಮಕ್ಕೆ ಬಿದ್ದಳು. ಬೆಳಿಗ್ಗೆ ಅನ್ನ, ಕುಂಬಳಕಾಯಿ ಕಿವುಚಿ, ಮುಂಗೈ ಮೇಲೆ ಇಟ್ಟುಕೊಂಡು ಆರಿದೆಯೋ ಇಲ್ಲವೋ ನೋಡಿ, ಪುಡಿ ಕಲಸುವವರೆಗೆ ಮನೆಯಲ್ಲಿ ಯಾರಿಗೂ ಚಹಾ ಇಲ್ಲ. ನಂತರ ನನಗೆ ಫೋನು. ಅಂಗಡಿಯ ತುಂಬ ಗಿರಾಕಿಗಳು, ಸ್ಪೀಕರಿನಲ್ಲಿ ಅತ್ತೆ:

"ತಮ್ಮಾ, ಇವತ್ತ ಗಟ್ಟಿ ಬಂದೇತೋ!"

"ಹೌದಾ? ಬಣ್ಣ ಹೆಂಗೈತಿ ಅತ್ತಿ?"

"ಹಳದಿ. ನಿನ್ನೆಕಿಂತ ಚಲೋ ಐತಿ."

ಕುಕ್ಕರು ನೋಡುತ್ತಿದ್ದ ಗಿರಾಕಿಯೊಬ್ಬರು ಕಿವಿ ನಿಮಿರಿಸಿ, "ಬೆಲ್ಲದ ವ್ಯಾಪಾರನೂ ಹಿಡದೀರೇನ್ರಿ? ನಮಗೂ ಒಂದು ಪೆಂಟಿ ಇಡ್ರಿ" ಅಂದರು.

ದೀಪಾವಳಿ ಬಂತು. ಹೋಯಿತು. ಪಾಡ್ಯದ ಮರುದಿನ ನಾನು ಅಕ್ಕಿಆಲೂರಿಗೆ ಹೋದೆ. ದಾರಿಯುದ್ದಕ್ಕೂ ಒಮ್ಮೆಯೂ ಹಾರ್ನ್ ಒತ್ತಲಿಲ್ಲ ಎಂದರೆ ನಗಬೇಡಿ. ಕಟ್ಟೆಯ ಮೇಲೆ ಗೋಣಿಚೀಲ ಹಾಸಿತ್ತು, ಅದರ ಮೇಲೆ ಕೊಸರ್ಯಾ ಇದ್ದ. ಎದ್ದು ಬರಲಿಲ್ಲ, ಬಾಲವನ್ನು ಎರಡು ಸಲ ನೆಲಕ್ಕೆ ಬಡಿದ. ಎದುರುಮನೆಯ ಫಾತಿಮಾಬೀ ಕುಂಬಳಕಾಯಿಯ ಹೋಳು ತಂದಿಟ್ಟು, "ಇವನ ಮೊಸರಿನ ಋಣ ಐತಲ್ಲ ನಮ್ಮ ಮ್ಯಾಲೆ" ಎಂದು ಅವನ ತಲೆ ಕೆರೆದು ಹೋದರು. ಅತ್ತೆ ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿಯೇಬಿಟ್ಟೆ.

"ಅತ್ತಿ, ಅವತ್ತ ಅಂಗಡಿಯಾಗ ಯಾಕ ಸುಮ್ಮನಾದಿ? ಅಂವಾ ಮೂವತ್ತ ಬಿಡಾಕ ತಯಾರಿದ್ದ."

ಅತ್ತೆ ಎಲೆ ಮಡಿಚಿದಳು. ಬಾಯಿಗೆ ಇಟ್ಟುಕೊಳ್ಳಲಿಲ್ಲ.

"ದೊಡ್ಡ ಕೊಸರು ಕೇಳಿ ಬಂದಿದ್ನಲ್ಲೋ ತಮ್ಮಾ. ಮತ್ತ ಮೂವತ್ತ ರೂಪಾಯಿಗೂ ಗಂಟ ಬಿದ್ದಿದ್ರ, ಮ್ಯಾಲಿನಂವ ಏನ ಅಂತಿದ್ದ? ಇಕೀದು ಎಲ್ಲಾ ಕಡೆನೂ ಇದ ಹಣೇಬಾರ ಅಂತ ತಕ್ಕಡಿ ಎತ್ತಿಟ್ಟುಬಿಡ್ತಿದ್ದ."

ಕೊಸರ್ಯಾ ಮತ್ತೊಮ್ಮೆ ಬಾಲ ಬಡಿದ. ಈಗ ನಡೆದಿರುವುದೆಲ್ಲ ಕೊಸರಿನ ದಿನಗಳು. ಅವು ಎಷ್ಟಾದವು ಎಂದು ಆ ಮನೆಯಲ್ಲಿ ಯಾರೂ ಎಣಿಸುವುದಿಲ್ಲ. ಕೊಸರನ್ನು ತೂಗುವ ಪದ್ಧತಿ ನಮ್ಮಲ್ಲಿಲ್ಲ.

ಈಗ ನಿಮಗೆ ನನ್ನ ಬುದ್ಧಿಮಾತು. ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ನಾಯಿಯ ಹೊಟ್ಟೆ ಕೆಟ್ಟರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಪುಡಿ. ಡಬ್ಬಿಯ ಮೇಲಿನ ತಾರೀಕು ನೋಡದೆ ಕೊಳ್ಳಬೇಡಿ. ಬಿಸಿಯಲ್ಲಿ ಕಲಸಬೇಡಿ, ಬಿಸಿಲಲ್ಲಿ ಇಡಬೇಡಿ. ಬೇರೆ ಔಷಧ ನಡೆದಿದ್ದರೆ ಯಾವುದರ ಹಿಂದೆ ಯಾವುದು ಎಂದು ಕೇಳಿಕೊಳ್ಳಿ. ನಾಲ್ಕು ದಿನ ಕೊಟ್ಟು ಗುಣ ಕಾಣಲಿಲ್ಲವೆಂದು ಬಿಡಬೇಡಿ, ಗುಣ ಕಂಡಿತೆಂದೂ ಬಿಡಬೇಡಿ. ದಯವಿಟ್ಟು ಹೆಪ್ಪು ಹಾಕಬೇಡಿ. ಪಾತ್ರೆ ಬೇಕಾದರೆ ನನ್ನ ಅಂಗಡಿಗೆ ಬನ್ನಿ, ಎಷ್ಟು ಬೇಕಾದರೂ ಜಗ್ಗಾಡಿ, ನಾನೂ ಜಗ್ಗಾಡುತ್ತೇನೆ. ಆದರೆ ಆ ಪುಡಿಯ ಅಂಗಡಿಯಲ್ಲಿ ಹೇಳಿದಷ್ಟು ಕೊಟ್ಟು ಸುಮ್ಮನೆ ಬನ್ನಿ. ಕೇಳುವುದೇನಿದ್ದರೂ ಬೇರೆ ಕಡೆ ಕೇಳುವುದಿದೆ.