ಮಾರಿದ ಕಾರಿನ ಯೋಗಕ್ಷೇಮ

ನಮ್ಮ ಸೋದರಮಾವನಿಗೆ ಟ್ರಾಫಿಕ್ ದಂಡದ ಮೆಸೇಜು ಬಂದ ದಿನ ಮನೆಯಲ್ಲಿ ಪಾಯಸ. ಜಯನಗರದಲ್ಲಿ ಇಂಥವರು ಇನ್ನೊಬ್ಬರಿದ್ದರೆ ತೋರಿಸಿ, ಕಾಲಿಗೆ ಬೀಳುತ್ತೇನೆ. ಮೊಬೈಲು ಟಿಣ್ ಎಂದರೆ ಸಾಕು, ಕನ್ನಡಕಕ್ಕೆ ತಡಕಾಡುತ್ತಾ "ಬಂತು ಕಣೇ, ಕತ್ರಿಗುಪ್ಪೇಲಿ ಸಿಗ್ನಲ್ ಹಾರಿದೆಯಂತೆ" ಎಂದು ಅತ್ತೆಯನ್ನು ಕೂಗುತ್ತಿದ್ದರು. ದೂರಕ್ಕೆ ಕೊಟ್ಟ ಮಗಳು ಕ್ಷೇಮವಾಗಿದ್ದೇನೆ ಎಂದು ಹೇಳಿಕಳಿಸಿದ ಹಾಗೆ ಮುಖ ಅರಳಿರುತ್ತಿತ್ತು.

ಸಿಗ್ನಲ್ ಹಾರಿದ್ದು ಮಾವ ಅಲ್ಲ. ಅವರು ಹಸಿರು ದೀಪ ಬಂದರೂ ಒಮ್ಮೆ ಯೋಚಿಸಿ ಹೊರಡುವ ಜಾತಿ. ಹಾರಿದ್ದು, ಅವರು ಎಂದೋ ಮಾರಿದ ಬೆಳ್ಳಿ ಬಣ್ಣದ ಹಳೇ ಕಾರು. ಮಾರಿದ್ದಾದರೂ ಹೇಗೆ? ನಮ್ಮವರ ಸಂಪ್ರದಾಯದಂತೆಯೇ. ಪಾರ್ಕಿಗೆ ವಾಕಿಂಗ್ ಬರುತ್ತಿದ್ದ ಬ್ರೋಕರನೊಬ್ಬನನ್ನು ನಂಬಿ, ಖಾಲಿ ಫಾರಂ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿ, ಕಾಫಿ ಕುಡಿಸಿ ಕಳಿಸಿದರು. ಹೆಸರು ಬದಲಾಯಿಸುವುದು ಬ್ರೋಕರನ ಜವಾಬ್ದಾರಿ. ಅವನು ಬದಲಾಯಿಸಿದ್ದು ತನ್ನ ಫೋನ್ ನಂಬರನ್ನು ಮಾತ್ರ.

ಇದೂ ನಮ್ಮ ಸಂಸಾರದ ಹಲವು ತಮಾಷೆಗಳಲ್ಲಿ ಒಂದಾಗಿ ಉಳಿದುಬಿಡುತ್ತಿತ್ತು. ಆದರೆ ಹೋದ ವರ್ಷ ಕಾರಿನ ಕಂಪನಿಯವರು ಮಾವನಿಗೆ ಫೋನ್ ಮಾಡಿದರು. ಆ ಮಾಡೆಲ್ಲಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಏರ್‌ಬ್ಯಾಗಿಗೆ ಗಾಳಿ ತುಂಬುವ ಲೋಹದ ಡಬ್ಬಿಯಲ್ಲಿ ದೋಷವಿದೆಯಂತೆ. ಡಿಕ್ಕಿಯಾದರೆ ಡಬ್ಬಿಯೇ ಸಿಡಿದು ಚೂರುಗಳು ಮುಖಕ್ಕೆ ಹಾರಬಹುದಂತೆ. ಗಾಡಿ ತಂದರೆ ಪುಕ್ಕಟೆ ಬದಲಾಯಿಸಿಕೊಡುತ್ತಾರಂತೆ. ಮಾವ ಫೋನಿಟ್ಟವರು ಕುರ್ಚಿಯಲ್ಲಿ ಕುಸಿದರು. ಡ್ಯಾಶ್‌ಬೋರ್ಡ್ ತಟ್ಟಿ ತಟ್ಟಿ, "ಏರ್‌ಬ್ಯಾಗ್ ಇದೆ ಸ್ವಾಮಿ, ತಾಯಿ ಮಡಿಲಲ್ಲಿ ಕೂತ ಹಾಗೆ" ಎಂದು ಹೊಗಳಿ ಮಾರಿದ್ದು ಅವರೇ ತಾನೇ? ಕಂಪನಿಗೆ ಗೊತ್ತಿರುವುದು ಇವರ ಹೆಸರು. ಈಗ ಆ ಸೀಟಿನಲ್ಲಿ ಕೂರುವವರು ಯಾರೋ, ಅವರಿಗೆ ಹೇಳುವವರು ಯಾರು?

ಪೊಲೀಸರ ಹತ್ತಿರ ಹೋಗಬಾರದಿತ್ತೇ ಅನ್ನುತ್ತೀರಾ? ಹೋದೆವು.

"ಗಾಡಿ ಕಳವಾಗಿದೆಯಾ ಸಾರ್?"

"ಇಲ್ಲಪ್ಪ, ಮಾರಿದೀನಿ."

"ಮಾರಿದ್ಮೇಲೆ ನಿಮಗ್ಯಾಕೆ ಸಾರ್ ಅದರ ಉಸಾಬರಿ?"

ಮಾವ ತಲೆ ತಗ್ಗಿಸಿದರು. "ನಾಚಿಕೆ ಆಗ್ತಿದೆ, ಅದಕ್ಕೆ."

ನಾಚಿಕೆಯಾದವರ ಕಂಪ್ಲೇಂಟ್ ತೆಗೆದುಕೊಳ್ಳುವ ಪದ್ಧತಿ ಆ ಸ್ಟೇಷನ್ನಿನಲ್ಲಿ ಇರಲಿಲ್ಲ.

ಅಂದಿನಿಂದ ದಂಡದ ಮೆಸೇಜೇ ನಮ್ಮ ದಿಕ್ಸೂಚಿ. ಕಾರು ಎಲ್ಲಿ ತಪ್ಪು ಮಾಡುತ್ತದೋ ಅಲ್ಲಿಗೆ ಮಾವ ಹೊರಡುವುದು, ಜೊತೆಗೆ ನಾನು. ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದೊಡನೆ ಪಂಚೆ ಎತ್ತಿ ಕಟ್ಟಿ, ಕೊಡೆ ಊರಿಕೊಂಡು ಬೆಳ್ಳಿ ಬಣ್ಣದ ಕಾರುಗಳ ಮಧ್ಯೆ ನುಗ್ಗುತ್ತಿದ್ದರು. ತಮ್ಮ ಕಾರು ಸಿಗದಿದ್ದರೂ ಅದೇ ಮಾಡೆಲ್ಲಿನ ಕಾರು ಕಂಡರೆ ಗಾಜು ತಟ್ಟದೆ ಬಿಡುತ್ತಿರಲಿಲ್ಲ. ಒಬ್ಬ ಹೆಂಗಸು ಗಾಜು ಇಳಿಸದೆಯೇ "ಮುಂದೆ ಹೋಗಪ್ಪ" ಎಂದು ಕೈಯಾಡಿಸಿದಳು. ಮಾವ ಕೈಮುಗಿದು, "ನಿಮ್ಮ ಏರ್‌ಬ್ಯಾಗ್ ಚೆಕ್ ಮಾಡಿಸಿ ತಾಯಿ" ಅಂದರು. ಪಾಪ, ಆಕೆ ಗಾಜು ಚೂರು ಇಳಿಸಿ ಬಾಳೆಹಣ್ಣು ಕೊಟ್ಟಳು. ನಾನು ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತು ಈತ ನನಗೆ ಏನೂ ಆಗಬೇಕಿಲ್ಲ ಎಂಬಂತೆ ಗ್ಲಾಸು ನೋಡುತ್ತಿದ್ದೆ. ಮಾವ ಅಲ್ಲಿಂದಲೇ ಕೂಗಿದರು: "ಅರ್ಧ ನಿಂಗೆ ಬೇಕೇನೋ?"

ಜೆ.ಪಿ. ನಗರದ ಮದುವೆಯೊಂದರಲ್ಲಂತೂ, ಛತ್ರದ ಬೀದಿಯಲ್ಲೇ ಕಾರಿಗೆ ದಂಡ ಬಿದ್ದಿತ್ತೆಂದು, ಮುಹೂರ್ತ ಮುಗಿಯುತ್ತಿದ್ದಂತೆ ಮೈಕು ಕಸಿದು ಆ ಕಾರಿನ ನಂಬರ್ ಹೇಳಿ, ಮಾಲೀಕರಿದ್ದರೆ ಬನ್ನಿ ಎಂದು ಕರೆದರು. ಯಾರೂ ಬರಲಿಲ್ಲ. ಮದುಮಗನ ತಂದೆ, ನಂಬರ್ ಸರಿಯಾಗಿ ಕೇಳಿಸಿಕೊಳ್ಳದೆ, ಅಡ್ಡ ನಿಲ್ಲಿಸಿದ ಕಾರು ತಮ್ಮದೇ ಇರಬೇಕೆಂದು ಅಕ್ಷತೆ ಕೈಯಲ್ಲೇ ಹಿಡಿದು ಪಾರ್ಕಿಂಗಿಗೆ ಓಡಿದರು. ಆಮೇಲೆ ಊಟದ ಪಂಕ್ತಿಯಲ್ಲಿ ನಾನು ತಲೆ ಎತ್ತಿದ್ದು ಪಾಯಸ ಬಡಿಸುವಾಗ ಮಾತ್ರ.

ಕೊನೆಗೆ ಸುಳಿವು ಸಿಕ್ಕಿತು. ತಲಘಟ್ಟಪುರದಿಂದ ಮೆಸೇಜಿನ ಮೇಲೆ ಮೆಸೇಜು. ಎಲ್ಲವೂ ಭಾನುವಾರ ಬೆಳಗ್ಗೆ, ಎಲ್ಲವೂ ಸೀಟ್‌ಬೆಲ್ಟಿಗೆ. "ಬೆಲ್ಟೂ ಹಾಕಲ್ವಲ್ಲೋ ಇವರು" ಎಂದು ಮಾವ ಹಣೆ ಚಚ್ಚಿಕೊಂಡರು. ಮುಂದಿನ ಭಾನುವಾರ ಅತ್ತೆಯನ್ನೂ ಕೂರಿಸಿಕೊಂಡು ಹೋದೆವು. ರಸ್ತೆ ಬದಿಯ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ನಿಂತಿತ್ತು ಕಾರು. ಒಳಗೆ ಆ ಸೀಟಿನಲ್ಲೇ ಒಬ್ಬ ತಾಯಿ, ಮಡಿಲಲ್ಲಿ ಪುಟ್ಟ ಮಗು. ಇಡ್ಲಿ ಕಟ್ಟಿಸುತ್ತಿದ್ದ ಗಂಡನ ಬಳಿ ಹೋಗಿ ಮಾವ ಮೆಲ್ಲಗೆ, "ಈ ಗಾಡಿ ನನ್ನ ಹೆಸರಲ್ಲಿದೆ" ಅಂದರು.

ಆತ ಬೆವತುಹೋದ. "ತಪ್ಪಾಯ್ತು ಸಾರ್. ಫೈನೆಲ್ಲ ನಿಮಗೇ ಬರ್ತಿದೆ ಅಂತ ಗೊತ್ತಿತ್ತು. ಮುಖ ತೋರಿಸೋಕೆ ಆಗ್ಲಿಲ್ಲ."

"ನೀವ್ಯಾಕಪ್ಪ ತಪ್ಪಾಯ್ತು ಅಂತೀರಾ, ತಪ್ಪು ನಂದು."

"ಇಲ್ಲ ಸಾರ್, ನಂದೇ."

ತಪ್ಪಿಗಾಗಿ ಇಬ್ಬರು ಹೀಗೆ ಕಿತ್ತಾಡಿದ್ದನ್ನು ಕನಕಪುರ ರಸ್ತೆ ಹಿಂದೆ ಕಂಡಿರಲಾರದು. ಅಷ್ಟರಲ್ಲಿ ಅತ್ತೆ ಕಿಟಕಿಯಲ್ಲಿ ಇಣುಕಿ, "ಅಯ್ಯೋ, ಇದು ನಮ್ಮ ಗಣೇಶ" ಅಂದರು. ಏರ್‌ಬ್ಯಾಗಿನ ಮುಚ್ಚಳದ ಮೇಲೇ ಅಂಟಿಸಿದ್ದರು, ಹಿಂದೆ ಇವರೇ. ಮಾವ ಅದನ್ನು ಕೀಳಲು ಹೋದಾಗ ಆ ತಾಯಿ ತಡೆದಳು.

"ದೇವ್ರನ್ನ ಯಾಕೆ ಕೀಳ್ತೀರಾ ಅಂಕಲ್? ಕಾಪಾಡ್ತಾನೆ."

"ಕಾಪಾಡ್ತಾನಮ್ಮ. ಆದ್ರೆ ಒಳಗಿನ ಡಬ್ಬಿ ಸಿಡಿದ್ರೆ ಮೊದ್ಲು ಮುಖಕ್ಕೆ ಬರೋನೂ ಅವನೇ."

ಆಕೆ ಮಗುವನ್ನೆತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಮರುದಿನ ಸರ್ವಿಸ್ ಸೆಂಟರಿನಲ್ಲಿ ಹಳೇ ಡಬ್ಬಿಯನ್ನು ಬಿಚ್ಚಿ ದೂರದಿಂದ ತೋರಿಸಿದರು. ಕಾಫಿ ಲೋಟದಷ್ಟಿತ್ತು, ಅಷ್ಟೇ. ಕಾರಿನವನು ಸಂತೋಷದಿಂದ ಮಾವನ ಕೈ ಕುಲುಕಿ, ಈ ವಾರವೇ ಹೆಸರು ಬದಲಾಯಿಸಿಕೊಳ್ಳುತ್ತೇನೆಂದು ಹೇಳಿ ಹೊರಟ. ಮಾವ ಮಾತ್ರ ಆ ಡಬ್ಬಿಯನ್ನೇ ನೋಡುತ್ತಾ ನಿಂತಿದ್ದರು. ನನಗಷ್ಟೇ ಕೇಳುವಂತೆ ಹೇಳಿದರು: "ಇದರ ಎದುರಿಗೇ ಕಣೋ, ಅಷ್ಟು ವರ್ಷ ನಿಮ್ಮತ್ತೆ ಬಾಯಿ ಬಿಟ್ಕೊಂಡು ನಿದ್ದೆ ಮಾಡ್ತಿದ್ದಿದ್ದು. ಹಿಂದೆ ಕೂತ್ಕೋತೀನಿ ಅಂದ್ರೂ ಬಿಡ್ತಿರ್ಲಿಲ್ಲ ನಾನು. ಪಕ್ಕದಲ್ಲೇ ಇರ್ಲಿ ಅಂತ."

ಹೊರಗೆ ನಮ್ಮ ಈಗಿನ ಕಾರಿನಲ್ಲಿ ಅತ್ತೆ ಆಗಲೇ ನಿದ್ದೆ ಹೋಗಿದ್ದರು. ಮಾವ ಬಗ್ಗಿ, ಅವರಿಗೆ ಎಚ್ಚರವಾಗದಂತೆ ಬೆಲ್ಟನ್ನು ಎಳೆದು ಸಿಕ್ಕಿಸಿದರು. ಆಮೇಲೆ ಎತ್ತಿನಗಾಡಿಯ ವೇಗದಲ್ಲಿ ಬನಶಂಕರಿ ದಾರಿ ಹಿಡಿದರು. ಹಿಂದಿನಿಂದ ಹಾರನ್ನುಗಳು, ಬೈಗುಳಗಳು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಹಿಂದಿನ ಸೀಟಿನಲ್ಲಿ ನಾನು ಕುತ್ತಿಗೆವರೆಗೂ ಜಾರಿ ಕೂರುವವನು. ಅಂದು ಗಾಜು ಇಳಿಸಿ ಕೈ ಹೊರಗೆ ಹಾಕಿ, ಎಲ್ಲರಿಗೂ ಮುಂದೆ ಹೋಗಿ ಎಂದು ಬೀಸುತ್ತಾ ಕೂತೆ, ಮನೆ ಬರುವವರೆಗೂ.